ಕಾರಣ ಕೇಳಿಲ್ಲ

‘ಬಿಕಾಸ್’ ಎಂಬ ಪದದ ಮೇಲೆ ಸಿದ್ದಾರ್ಥ ಕೆಂಪು ಗೆರೆ ಎಳೆದ. ಅದರ ಮುಂದಿನ ಸಾಲುಗಳ ಮೇಲೂ ಎಳೆದ. ಆಮೇಲೆ ಹಾಳೆಯಲ್ಲಿ ಉಳಿದದ್ದೇನೆಂದು ನೋಡಿದ: ಯಾವುದೋ ಊರಿನಲ್ಲಿ ಸೈಕಲ್ಲುಗಳು ಕಡಿಮೆಯಾದವು, ಕಾರುಗಳು ಹೆಚ್ಚಾದವು. ಇಷ್ಟು ಸಾಕು ಅನ್ನಿಸಿತು.

“ಯಾಕೆ ಕಮ್ಮಿಯಾಯ್ತು ಅಂತ ಬರೀಬಾರ್ದಾ ಸರ್?” ತನುಶ್ರೀ ಕೇಳಿದಳು.

“ಅವರು ಕಾರಣ ಕೇಳಿಲ್ಲ.”

“ಕಾರಣ ಇಲ್ದೆ ಅದೆಂಗೆ ಸರ್ ಇಳೀತದೆ?”

“ಇಳಿದದ್ದು ಕಾಣಿಸುತ್ತಲ್ಲ. ಕಂಡದ್ದನ್ನ ಬರೀರಿ. ಎಷ್ಟಿತ್ತು, ಎಷ್ಟಾಯಿತು. ನಿಮ್ಮ ಅಭಿಪ್ರಾಯ ಕಟ್ಟಿಕೊಂಡು ಅವರಿಗೇನಾಗಬೇಕು?”

ತನುಶ್ರೀ ಶ್ರೀರಂಗಪಟ್ಟಣದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸು. ಪಾಳಿ ಮುಗಿಸಿದವಳು ಬಾಬುರಾಯನಕೊಪ್ಪಲಿನ ಮನೆಗೂ ಹೋಗದೆ ಸೀದಾ ಪಾಂಡವಪುರದ ಬಸ್ಸು ಹತ್ತಿ ಕ್ಲಾಸಿಗೆ ಬರುತ್ತಿದ್ದಳು. ಐರ್ಲೆಂಡಿನ ಆಸ್ಪತ್ರೆಗೆ ಸೇರಬೇಕಾದರೆ ಈ ಇಂಗ್ಲಿಷ್ ಪರೀಕ್ಷೆ ದಾಟಬೇಕು. ಬರವಣಿಗೆಯ ಮೊದಲ ಪ್ರಶ್ನೆಯೇ ಒಂದು ಚಿತ್ರ. ಸಾಲಾಗಿ ನಿಂತ ಕಂಬಗಳೋ, ಏರಿ ಇಳಿಯುವ ಗೆರೆಯೋ, ಒಬ್ಬಟ್ಟಿನ ಹಾಗೆ ಹೋಳು ಮಾಡಿದ ವೃತ್ತವೋ ಇರುತ್ತದೆ. ಅದನ್ನು ನೂರೈವತ್ತು ಪದಗಳಲ್ಲಿ ವಿವರಿಸಬೇಕು. ತನುಶ್ರೀ ಎರಡು ಸಲ ಇದರಲ್ಲೇ ಬಿದ್ದಿದ್ದಳು. ರೋಗಿ ಯಾಕೆ ನರಳುತ್ತಾನೆಂದು ಕೇಳಿ ಅಭ್ಯಾಸವಾದವಳಿಗೆ ಕಂಬ ಯಾಕೆ ಕುಸಿಯಿತೆಂದು ಕೇಳದೆ ಇರಲು ಆಗುತ್ತಿರಲಿಲ್ಲ. ಇವತ್ತಂತೂ, ರಸ್ತೆ ಅಗಲವಾದ ಮೇಲೆ ಸೈಕಲ್ಲಿನಲ್ಲಿ ಹೋಗುತ್ತಿದ್ದ ತನ್ನ ಚಿಕ್ಕಪ್ಪ ಲಾರಿಗೆ ಸಿಕ್ಕಿದ್ದನ್ನೂ ಬರೆದುಬಿಟ್ಟಿದ್ದಳು.

“ನಿಮ್ಮ ಚಿಕ್ಕಪ್ಪ ಚಾರ್ಟಿನಲ್ಲಿ ಇಲ್ಲ” ಎಂದ ಸಿದ್ದಾರ್ಥ.

ಉಳಿದವರು ನಕ್ಕರು. ತನುಶ್ರೀಯೂ ನಕ್ಕಳು, ಸ್ವಲ್ಪ ತಡವಾಗಿ.

ಅವನು ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಓದಿದವನು. ಓದುವಾಗ ಮನುಷ್ಯನ ಒಂಟಿತನದ ಬಗ್ಗೆ ಹಾಸ್ಟೆಲಿನ ಮಹಡಿಯಲ್ಲಿ ಗಂಟೆಗಟ್ಟಲೆ ಮಾತಾಡಿದವನು. ಆಗ ಕೇಳುವವರು ತುಂಬ ಜನ ಇದ್ದರು. ಈಗ ನಿಂಗರಾಜುವಿನ ಗೊಬ್ಬರದಂಗಡಿಯ ಮೇಲಿನ ಕೋಣೆಯಲ್ಲಿ, ಯೂರಿಯಾದ ವಾಸನೆಯ ನಡುವೆ, ಏರಿತು ಎನ್ನಲು ಒಂಬತ್ತು ಬಗೆ, ಇಳಿಯಿತು ಎನ್ನಲು ಹನ್ನೊಂದು ಬಗೆ ಕಲಿಸುತ್ತಿದ್ದ. ಚೆನ್ನಾಗಿಯೇ ಕಲಿಸುತ್ತಿದ್ದ. ಗೊಬ್ಬರದಂಗಡಿಗೂ ಕೋಚಿಂಗ್ ಸೆಂಟರಿಗೂ ಒಬ್ಬನೇ ಮಾಲೀಕನಾದ ನಿಂಗರಾಜು ಬಸ್‌ಸ್ಟ್ಯಾಂಡಿನಲ್ಲಿ ಸಿದ್ದಾರ್ಥನ ಫೋಟೋ ಹಾಕಿ ಫ್ಲೆಕ್ಸ್ ಕಟ್ಟಿಸಿದ್ದ. ಅದರಲ್ಲಿ ಅವನ ಹೆಗಲಿನಿಂದ ಹೊರಟ ಬಾಣವೊಂದು ವಿಮಾನದ ಕಡೆಗೆ ಏರಿತ್ತು.

ಕ್ಲಾಸು ಬೇಗ ಮುಗಿಸಿ ಕೆಳಗಿಳಿದಾಗ ನಿಂಗರಾಜು ಚೀಲಗಳ ನಡುವಿನಿಂದ ತಲೆಯೆತ್ತಿ, ಎಲ್ಲಿಗೆ ಹೊರಟಿರೆಂದು ಕೇಳಿದ. ಬೂಕನಕೆರೆ ಎಂದ ಸಿದ್ದಾರ್ಥ.

“ಮಾವನ ಮನೆಗಾ? ಮೇಡಂ ಎಂಗವ್ರೆ ಸಾ ಈಗ?”

“ಸುಧಾರಿಸ್ತಾ ಇದೆ.”

ಹೇಳಿದ ಮೇಲೆ ಹೊಳೆಯಿತು, ಕೇಳಿದ್ದು ಹೆಂಡತಿಯ ವಿಚಾರ, ಶ್ವೇತ ಸುಧಾರಿಸುತ್ತಿದ್ದಾಳೆ ಎನ್ನಬೇಕಿತ್ತು. ನಿಂಗರಾಜುವಿಗೆ ಅದು ಗೊತ್ತಾದಂತೆ ಕಾಣಲಿಲ್ಲ. ಅವನು ಆಗಲೇ ಯಾರಿಗೋ ಪೊಟ್ಯಾಷ್ ಇಲ್ಲ ಎನ್ನುತ್ತಿದ್ದ.

ಮಾವ ಚೌಡಯ್ಯ ಬೆಳಿಗ್ಗೆ ಫೋನು ಮಾಡಿದ್ದರು. ಮಾಮೂಲಿನಂತೆ ಬೆಳೆ, ಬಿಸಿಲು ಎಲ್ಲ ವಿಚಾರಿಸಿ, ಕೊನೆಗೆ ಒಂದು ಗಳಿಗೆ ಬಂದುಹೋಗಿ ಅಂದಿದ್ದರು. ಶ್ವೇತ ತವರಿಗೆ ಹೋಗಿ ನಾಲ್ಕು ತಿಂಗಳಾಗಿತ್ತು. ಮೊದಲು ಅವನು ಭಾನುವಾರಕ್ಕೊಮ್ಮೆ ಹೋಗುತ್ತಿದ್ದ. ಆಮೇಲೆ ಎರಡು ವಾರಕ್ಕೊಮ್ಮೆ. ಆಮೇಲೆ ಹೋಗಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹೊರಗೆ ಕಬ್ಬು ಎಲ್ಲಕ್ಕಿಂತ ಹೆಚ್ಚು ಇತ್ತು, ಭತ್ತ ಅದಕ್ಕಿಂತ ಗಣನೀಯವಾಗಿ ಕಡಿಮೆ, ತೆಂಗು ಅಲ್ಲೊಂದು ಇಲ್ಲೊಂದು. ಈಚೆಗೆ ಅವನಿಗೆ ಎಲ್ಲವೂ ಹೀಗೆಯೇ ಕಾಣುತ್ತಿತ್ತು. ಮೊದಮೊದಲು ಅದು ತಮಾಷೆಯಾಗಿತ್ತು. ಶ್ವೇತಳೂ ನಗುತ್ತಿದ್ದಳು. ಸಾರಿಗೆ ಉಪ್ಪು ಹೆಚ್ಚಾದರೆ, ನಿಮ್ಮ ಭಾಷೆಯಲ್ಲಿ ಹೇಳಿ ಅನ್ನುತ್ತಿದ್ದಳು. ಅವನು ಹೇಳುತ್ತಿದ್ದ.

ಮೈಸೂರಿನ ಆಸ್ಪತ್ರೆಯಲ್ಲೂ ಹಾಗೆಯೇ ಆಗಿತ್ತು. ಶ್ವೇತಳಿಗೆ ಆಗ ಏಳನೇ ತಿಂಗಳು. ಸಂಜೆ ಹೊಟ್ಟೆನೋವೆಂದು ಕರೆದುಕೊಂಡು ಹೋದರು. ಶ್ವೇತಳ ಹೊಟ್ಟೆಗೆ ಪಟ್ಟಿ ಬಿಗಿದು, ಪಕ್ಕದ ಯಂತ್ರಕ್ಕೆ ಸೇರಿಸಿದರು. ಯಂತ್ರದಿಂದ ಕಾಗದ ಬರುತ್ತಿತ್ತು, ಕಾಗದದ ಮೇಲೆ ಮಗುವಿನ ಎದೆಬಡಿತದ ಗೆರೆ. ಶ್ವೇತ ಅವನ ಕೈ ಹಿಡಿದಿದ್ದಳು. ಅವನು ಗೆರೆಯನ್ನು ನೋಡುತ್ತಿದ್ದ. ಅದು ಕಂಪಿಸಿತು, ಇಳಿಯಿತು, ಒಮ್ಮೆ ಥಟ್ಟನೆ ಚಿಮ್ಮಿತು, ಮತ್ತೆ ಇಳಿಯಿತು, ಕೊನೆಗೆ ಏರಿಳಿತವೇ ಇಲ್ಲದ ನೇರ ಗೆರೆಯಾಯಿತು. ಇಳಿದದ್ದಕ್ಕೆ ಸರಿಯಾದ ಕ್ರಿಯಾವಿಶೇಷಣ ಯಾವುದು ಎಂದು ಅವನ ತಲೆ ತನ್ನಷ್ಟಕ್ಕೆ ಹುಡುಕತೊಡಗಿತು. ಸಿಕ್ಕಿತು ಕೂಡ. ಅಷ್ಟರಲ್ಲಿ ಅವನನ್ನು ಹೊರಗೆ ಕಳಿಸಿದರು.

ಹೊರಗೆ ಅತ್ತೆ ಪಾರ್ವತಮ್ಮ ಬೆಂಚಿನ ಮೇಲೆ ಕೂತಿದ್ದವರು ಎದ್ದು ಬಂದು, ಏನಾಯಿತೆಂದು ಕೇಳಿದರು. ಎದೆಬಡಿತ ನಿಧಾನವಾಗಿ ಇಳಿಯಿತು, ನಡುವೆ ಸ್ವಲ್ಪ ಏರಿಳಿತ ಇತ್ತು, ಈಗ ಸಮವಾಗಿದೆ ಎಂದು ಅವನು ಹೇಳಿದ. ಸಮಕ್ಕೆ ಬಂತಾ ಎಂದು ಅವರು ಮತ್ತೆ ಕೇಳಿದರು. ಬಂತು ಎಂದ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಕೆಳಗಿಳಿದು ಹೋದರು. ಆಸ್ಪತ್ರೆಯ ಅಂಗಳದ ಗಣಪತಿಗೆ ಈಡುಗಾಯಿ ಒಡೆದರು. ಊರಿಗೆ ಫೋನು ಮಾಡಿ ಮಗು ಗಟ್ಟಿಯಾಗಿದೆಯಂತೆ ಎಂದು ನಾಲ್ಕು ಮನೆಗೆ ತಿಳಿಸಿದರು. ಕುಂಕುಮ ಹಿಡಿದು ಮೇಲೆ ಬರುವಾಗ, ನರ್ಸು ಬಟ್ಟೆಯಲ್ಲಿ ಸುತ್ತಿದ್ದನ್ನು ಕೊಡಲು ಯಾರಾದರೂ ದೊಡ್ಡವರು ಇದ್ದಾರಾ ಎಂದು ಕೇಳುತ್ತ ನಿಂತಿದ್ದಳು.

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಇದನ್ನು ಅವನು ಹಲವು ಸಲ ಪರಿಶೀಲಿಸಿದ್ದ.

ಬೂಕನಕೆರೆಯ ಮನೆಯಲ್ಲಿ ಚೌಡಯ್ಯ ಜಗಲಿಯ ಮೇಲೆ ಕಾಯುತ್ತಿದ್ದರು. ಬನ್ನಿ ಬನ್ನಿ ಎಂದು ಕಾಲಿಗೆ ನೀರು ಕೊಡಿಸಿದರು. ಡೇರಿಯ ಹೊಸ ಯಂತ್ರ ಹಾಲಿನ ಫ್ಯಾಟು ಕಡಿಮೆ ತೋರಿಸುವುದನ್ನು ಹೇಳಿದರು, ನಾಲೆಗೆ ನೀರು ಬಿಟ್ಟದ್ದನ್ನು ಹೇಳಿದರು. ಒಳ್ಳೆಯ ಮನುಷ್ಯ. ಮಗಳ ಮಾತು ಎತ್ತಬೇಕೆಂದು ಮೂರು ಸಲ ಗಂಟಲು ಸರಿಮಾಡಿಕೊಂಡು ಮೂರು ಸಲವೂ ಹಾಲಿಗೆ ಮರಳಿದರು. ಸಿದ್ದಾರ್ಥನಿಗೆ ಅದರಿಂದ ಉಪಕಾರವೇ ಆಯಿತು.

ಪಾರ್ವತಮ್ಮ ಮುದ್ದೆ ಬಡಿಸಿದರು. ಆ ದಿನದಿಂದ ಅವರು ಅಳಿಯನೊಡನೆ ನೇರ ಮಾತಾಡುವುದನ್ನು ಬಿಟ್ಟಿದ್ದರು. ಇನ್ನೊಂದು ಸೌಟು ಸಾರು ಬೇಕೇನೋ ಕೇಳಿ ಎಂದು ಗಂಡನಿಗೆ ಹೇಳುತ್ತಿದ್ದರು. ಸಾಕಂತೆ ಎಂದು ಚೌಡಯ್ಯ ಹೆಂಡತಿಗೆ ಹೇಳುತ್ತಿದ್ದರು. ಊಟ ಹೀಗೆ ಮುಗಿಯಿತು.

ಆಮೇಲೆ ಶ್ವೇತ ಹಿತ್ತಿಲ ಕಡೆಯ ಪಡಸಾಲೆಗೆ ಬಂದು ಕೂತಳು. ಮೈ ತುಂಬಿಕೊಂಡಿದ್ದಳು. ಕೂದಲು ಕತ್ತರಿಸಿಕೊಂಡಿದ್ದಳು. ಚೆನ್ನಾಗಿ ಕಾಣುತ್ತೀಯ ಎಂದು ಹೇಳಬಹುದಿತ್ತು. ಅದು ಅಭಿಪ್ರಾಯವಾಗುತ್ತಿತ್ತು.

“ಕೂದಲು ಕತ್ತರಿಸಿದ್ದೀಯ” ಎಂದ.

“ಹೂಂ.”

ಚೌಡಯ್ಯ ದನಕ್ಕೆ ಹುಲ್ಲು ಹಾಕುವ ನೆಪ ಮಾಡಿ ಎದ್ದುಹೋದರು. ಒಳಗೆ ಪಾತ್ರೆಯ ಸದ್ದು ನಿಂತಿತು. ಪಾರ್ವತಮ್ಮ ಕೇಳಿಸಿಕೊಳ್ಳುತ್ತಿದ್ದಾರೆಂದು ಅವನಿಗೆ ಗೊತ್ತಾಯಿತು.

ಶ್ವೇತ ಜಗಳವಾಡಲಿಲ್ಲ. ಅವನು ಬಸ್ಸಿನಲ್ಲಿ ತಯಾರು ಮಾಡಿಕೊಂಡು ಬಂದ ಉತ್ತರಗಳೆಲ್ಲ ಜಗಳಕ್ಕೆ ಹೊಂದುವಂಥವು. ಯಾಕೆ ಬರಲಿಲ್ಲ, ಯಾಕೆ ಫೋನು ಮಾಡಲಿಲ್ಲ ಎಂದು ಕೇಳಿದ್ದರೆ ಪರೀಕ್ಷೆಯ ತಿಂಗಳು, ಹೊಸ ಬ್ಯಾಚು ಎಂದು ಶುರುಮಾಡಬಹುದಿತ್ತು. ಅವಳು ಅದನ್ನೆಲ್ಲ ಕೇಳಲೇ ಇಲ್ಲ.

“ನಿಮ್ಜೊತೆ ಬರೋಕೆ ನಾನು ಸಿದ್ಧ ಇವ್ನಿ” ಅಂದಳು. “ಬಟ್ಟೆನೂ ತುಂಬಿಟ್ಟಿದೀನಿ. ಒಂದು ಮಾತು ಮಾತ್ರ ಹೇಳ್ಬುಡಿ. ಅವತ್ತು ನಿಮ್ಗೆ ಏನನ್ನಿಸ್ತು?”

ಅವನು ಹಿತ್ತಿಲ ಕಡೆ ನೋಡಿದ. ನುಗ್ಗೆಮರದಲ್ಲಿ ಕಾಯಿ ಹೆಚ್ಚಿತ್ತು, ಎಲೆ ಕಡಿಮೆ.

“ಕಷ್ಟ ಆಯಿತು.”

“ಯಾರಿಗೆ?”

“ಎಲ್ಲರಿಗೂ.”

“ನಿಮ್ಗೆ ಕೇಳ್ತಾ ಇರೋದು.”

ಅವನು ನಿಜವಾಗಿಯೂ ಹುಡುಕಿದ. ಆ ಸಂಜೆಯನ್ನು ಮೊದಲಿನಿಂದ ತಿರುವಿದ. ಕಾರಿಡಾರಿನ ಟ್ಯೂಬ್‌ಲೈಟು ಸಿಕ್ಕಿತು, ಕಾಗದ ಸಿಕ್ಕಿತು, ಅವಳ ಕೈಯ ಬೆವರು ಸಿಕ್ಕಿತು. ಅದರಾಚೆ ಏನೋ ಇತ್ತು. ಅದಕ್ಕೆ ಹೆಸರು ಕೊಟ್ಟರೆ ಮುಖ ಕಳಚಿ ಬೀಳುತ್ತದೆ, ಅತ್ತೆಗೆ ಕೇಳಿಸುತ್ತದೆ, ದನದ ಕೊಟ್ಟಿಗೆಯವರೆಗೂ ಕೇಳಿಸುತ್ತದೆ ಎಂದು ಭಯವಾಯಿತು.

“ಮೊದಲು ಜಾಸ್ತಿ ಇತ್ತು” ಎಂದ. “ಈಗೀಗ ಕಡಿಮೆಯಾಗಿದೆ.”

ಶ್ವೇತ ಅವನನ್ನೇ ನೋಡಿದಳು. ಆಮೇಲೆ ನಕ್ಕಳು, ಹಿಂದೆ ಉಪ್ಪಿನ ಮಾತಿಗೆ ನಗುತ್ತಿದ್ದ ಹಾಗೆಯೇ. ಅದು ಅವನಿಗೆ ಒಳ್ಳೆಯ ಲಕ್ಷಣ ಅನ್ನಿಸಿತು. ಅವನೂ ನಕ್ಕ.

“ಕೇಆರ್‌ಪೇಟೆ ಕಡೆಯಿಂದ ಬಸ್ಸು ಬರೋ ಹೊತ್ತು” ಅಂದಳು. “ಹೊರಡಿ. ತಪ್ಪೋದ್ರೆ ಇನ್ನೊಂದು ಲೇಟು.”

“ನೀನು?”

ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಳಗೆ ಸೂಟ್‌ಕೇಸಿನ ಜಿಪ್ಪು ಎಳೆದ ಸದ್ದಾಯಿತು. ಮುಚ್ಚಿದ್ದೋ ಬಿಚ್ಚಿದ್ದೋ ತಿಳಿಯಲಿಲ್ಲ. ಅವನು ಅಂಗಳದಲ್ಲಿ ಚಪ್ಪಲಿ ಮೆಟ್ಟಿಕೊಂಡು ತುಂಬ ಹೊತ್ತು ನಿಂತ. ಯಾರೂ ಬರಲಿಲ್ಲ. ಚೌಡಯ್ಯ ಕೊಟ್ಟಿಗೆಯಿಂದ ಇಣುಕಿ, ಅವನೊಬ್ಬನೇ ನಿಂತದ್ದನ್ನು ಕಂಡು, ಮತ್ತೆ ಹುಲ್ಲಿನ ಕಡೆ ತಿರುಗಿದರು.

ಬಸ್ಸು ಹತ್ತಿದ. ಚಿನಕುರಳಿ ಊರು ಇನ್ನೂ ಸಿಕ್ಕಿರಲಿಲ್ಲ, ನಾಲೆಯ ಸೇತುವೆಯ ಹತ್ತಿರ ಬಸ್ಸು ನಿಂತುಬಿಟ್ಟಿತು. ಮುಂದೆ ಟ್ರಾಕ್ಟರು, ಬೈಕು, ಜನ. ಕರುವೊಂದು ನಾಲೆಗೆ ಬಿದ್ದಿದೆ ಎಂದು ಕಂಡಕ್ಟರು ಹೇಳಿದ. ಎಲ್ಲರೂ ಇಳಿದರು. ಅವನೂ ಇಳಿದು ಸೇತುವೆಯ ಕಟ್ಟೆಗೆ ಆನಿಕೊಂಡು ನೋಡಿದ.

ನಾಲೆ ದಡ ಮುಟ್ಟಿ ಹರಿಯುತ್ತಿತ್ತು. ಸೇತುವೆಯ ಕಂಬಕ್ಕೆ ಒತ್ತಿಕೊಂಡು ಕರುವಿನ ತಲೆ ಮಾತ್ರ ಕಾಣುತ್ತಿತ್ತು. ಕಂಬದ ಮೇಲೆ ನೀರಿನ ಮಟ್ಟ ತಿಳಿಯಲು ಕಪ್ಪು ಬಣ್ಣದಲ್ಲಿ ಅಂಕಿಗಳನ್ನು ಬರೆದಿದ್ದರು. ನೀರಿಗಿಳಿದ ಒಬ್ಬ ಕರುವಿನ ಹೊಟ್ಟೆಗೆ ಹಗ್ಗ ಬಿಗಿದು ಇನ್ನೊಂದು ತುದಿಯನ್ನು ಮೇಲಕ್ಕೆಸೆದ. ಕಟ್ಟೆಯ ಮೇಲೆ ಬಿದ್ದದ್ದು ಜಾರುವ ಮುಂಚೆ ಸಿದ್ದಾರ್ಥನ ಕೈ ಅದನ್ನು ಹಿಡಿದುಬಿಟ್ಟಿತ್ತು.

“ಎಳ್ಕಳಿ ಸಾ” ಎಂದ ಕೆಳಗಿನವನು, ದಡದ ಬೇರನ್ನು ತಬ್ಬಿಕೊಂಡು. “ನಿಮ್ ಕೈಲೇ ಅದೆ.”

ಮಿಕ್ಕವರು ಅವನ ಕಡೆ ಓಡಿಬರುತ್ತಿದ್ದರು. ಅವನ ಕೈ ಹಗ್ಗವನ್ನು ಹಿಡಿದಿತ್ತಷ್ಟೇ, ಕಣ್ಣು ಅಂಕಿಗಳ ಮೇಲಿತ್ತು. ಕರುವಿನ ಮೂತಿ ಆರರ ಗೆರೆಯ ಹತ್ತಿರ ಇತ್ತು. ಐದಕ್ಕೆ ಇಳಿಯಿತು. ಮತ್ತೆ ಆರಕ್ಕೆ ಬಂತು, ಅಲ್ಲಿ ಒಂದು ಕ್ಷಣ ಉಳಿಯಿತು, ಅದರ ಕಣ್ಣು ಮೇಲಕ್ಕೆ ನೋಡಿತು. ಹಗ್ಗ ಅಂಗೈಯನ್ನು ಸುಡುತ್ತಿತ್ತು. ಐದು. ಐದಕ್ಕಿಂತ ತುಸು ಕೆಳಗೆ.

ಆಮೇಲೆ ಅಂಕಿಗಳ ಮುಂದೆ ಬರೀ ನೀರು ಹರಿಯಿತು. ಹಗ್ಗ ಇನ್ನೂ ಅವನ ಕೈಯಲ್ಲೇ ಇತ್ತು. ಸೇತುವೆಯ ಕೆಳಗಿನ ಕತ್ತಲಿನಿಂದ ಅದನ್ನು ಏನೋ ಜಗ್ಗುತ್ತಿತ್ತು.