ಅದೇ ಅಲ್ಲ, ಅದರಂಗ

ಅನ್ವರಿಯ ಎದುರು ಯಾವುದನ್ನೂ ‘ಅದೇ’ ಎನ್ನುವಂತಿರಲಿಲ್ಲ. ನಿನ್ನೆಯ ಹಿಟ್ಟಿನಲ್ಲೇ ಇಂದಿನ ರೊಟ್ಟಿ ಬಡಿದಿದ್ದೇನೆ ಎಂದರೂ ಒಂದು ಚೂರು ಮುರಿದು ಬಾಯಿಗೆ ಹಾಕಿ, ಕಣ್ಣು ಕಿರಿದು ಮಾಡಿ, “ಅದೇ ಅಲ್ಲ ಕಾಕು, ಅದರಂಗ ಅದ” ಎನ್ನುತ್ತಿದ್ದಳು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಆಮೇಲೆ ನಾನೂ ರೊಟ್ಟಿಯನ್ನು ಎರಡು ಸಲ ತಿರುವಿ ನೋಡತೊಡಗಿದೆ.

ಎರಡು ಸಾವಿರದ ಎರಡನೆಯ ಇಸವಿಯಲ್ಲಿ ಅವಳು ಹುಮನಾಬಾದಿಗೆ ಅಂಟಿದ ಮಾಣಿಕನಗರದ ನಮ್ಮ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಬಂದಳು. ಬಂದ ದಿನದಿಂದಲೇ ನನ್ನನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದು ಕರೆದಳು. ಬಸವಕಲ್ಯಾಣದ ದರ್ಜಿ ಅಬ್ದುಲ್ ಕರೀಮರ ಮಗಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದವಳು. ತಂದೆ ತಮ್ಮದೇ ಕಂದು ಕೋಟಿನ ಹೊಲಿಗೆ ಬಿಚ್ಚಿ ಅವಳ ಅಳತೆಗೆ ಹೊಲಿದುಕೊಟ್ಟಿದ್ದರು. ಕಂಪ್ಯೂಟರಿನ ಕೋಣೆಯ ತಂಪಿಗೆಂದು ವೈಶಾಖದ ಬಿಸಿಲಲ್ಲೂ ಅದನ್ನು ಹೆಗಲಿಗೆ ಹಾಕಿಕೊಂಡೇ ಹೊರಡುವಳು. ಬೀಗ ಹಾಕಿ ಬೀದಿಯ ತಿರುವಿನ ತನಕ ಭರಭರ ನಡೆದು, ಗಕ್ಕನೆ ನಿಂತು, ಮರಳಿ ಬಂದು ಬೀಗ ಜಗ್ಗಿ ನೋಡಿ ಹೋಗುವಳು.

ಹುಮನಾಬಾದಿನ ಧಾನ್ಯದ ಅಡತಿ ಅಂಗಡಿಯೊಂದರ ಮೇಲಿನ ಮಾಳಿಗೆಯಲ್ಲಿ ಶರಣಕುಮಾರ ಎಂಬವರ ಆಫೀಸು. ಚಿಪ್ ಎಂಬ ಉಗುರಿನಷ್ಟು ವಸ್ತುವಿನೊಳಗೆ ತಂತಿಗಳು ಹೇಗೆ ಹಾಯಬೇಕೆಂಬ ನಕ್ಷೆ ಅಲ್ಲಿಗೆ ಹೈದರಾಬಾದಿನ ಬಸ್ಸಿನಲ್ಲಿ ಸಿ.ಡಿ.ಯಾಗಿ ಬರುತ್ತಿತ್ತು. ನಕ್ಷೆ ಬರೆದವರು ಬಳಸಿದ್ದು ಕಂಪ್ಯೂಟರ್ ಫೈಲಿನ ಹೊಸ ಆವೃತ್ತಿ, ಚಿಪ್ ಮಾಡುವ ಕಾರ್ಖಾನೆಯ ಯಂತ್ರ ಓದುವುದು ಹಳೆಯದು. ಹೊಸದನ್ನು ಹಳೆಯದಕ್ಕೆ ಇಳಿಸಿ, ಎರಡೂ ಒಂದೇ ಎಂದು ನೋಡಿ ಸಹಿ ಹಾಕುವುದು ಅನ್ವರಿಯ ಕೆಲಸ.

ಒಂದು ಮಧ್ಯಾಹ್ನ ಎರಡು ಹಾಳೆ ಹಿಡಿದುಕೊಂಡು ಬಂದು, ಒಂದರ ಮೇಲೊಂದಿಟ್ಟು, ನನ್ನ ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದಳು. ಪರದೆಯ ಮೇಲೆ ಕೂದಲೆಳೆಯಂತಿದ್ದವನ್ನು ಲಟ್ಟಣಿಗೆಯಷ್ಟು ದಪ್ಪಗೆ ಹಿಗ್ಗಿಸಿ ತೆಗೆದ ಗೆರೆಗಳು. ಅಕ್ಷರ ಕೂಡಿಸಿ ಕೂಡಿಸಿ ಓದುವ ನನಗೂ ಕಂಡಿತು: ಕೆಳಗಿಟ್ಟ ಮೂಲ ಹಾಳೆಯ ಗೆರೆ ಮುಂದಿನ ಚೌಕವನ್ನು ಮುಟ್ಟಿತ್ತು, ಮೇಲಿಟ್ಟ, ಹಳೆಯದಕ್ಕೆ ಇಳಿಸಿದ ಹಾಳೆಯದು ಮುಟ್ಟದೆ ನಿಂತಿತ್ತು. ತಂತಿಯ ತುದಿ ಎಷ್ಟು ಮುಂದೆ ಚಾಚಬೇಕೆಂದು ಹೇಳಲು ಹೊಸ ಆವೃತ್ತಿಯಲ್ಲಿ ಜಾಗವಿದೆಯಂತೆ, ಹಳೆಯದರಲ್ಲಿ ಇಲ್ಲವಂತೆ. ಇಳಿಸುವಾಗ ಆ ಮಾತು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಯಂತ್ರ ತಕರಾರು ಮಾಡುವುದಿಲ್ಲ. “ನಮ್ಮ ಅಬ್ಬಾ ಹೊಲಿಗಿ ಮುಗಿದ ಮ್ಯಾಲೂ ಒಂದೀಟು ದಾರ ಬಿಟ್ಟು ಕತ್ತರಸ್ತಾರ ಕಾಕು. ಇದು ಹೊಲಿಗಿ ಬುಡಕ್ಕೇ ಕತ್ತರಿ ಹಾಕ್ಯದ” ಎಂದಳು.

ಪ್ರತಿ ತಂತಿಯನ್ನೂ ಗೆರೆಯಾಗಿ ಬಿಡದೆ, ನಾಲ್ಕೂ ಅಂಚು ಕಟ್ಟಿದ ಪಟ್ಟಿಯಾಗಿ ಬರೆದರೆ ಹಳೆಯ ಯಂತ್ರವೂ ಸರಿಯಾಗಿ ಓದುತ್ತಿತ್ತು. ಅದಕ್ಕೆ ಇನ್ನೊಂದು ವಾರ ಬೇಕು. ವಾರ ಇರಲಿಲ್ಲ. ಮರುದಿನ ಶರಣಕುಮಾರರೇ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತರು. ಕೆಟ್ಟ ಮನುಷ್ಯರಲ್ಲ, ನಾನು ಕೊಟ್ಟ ಚಹಾ ಕೈಯಲ್ಲೇ ಆರುತ್ತಿತ್ತು, ಅಷ್ಟು ಆತಂಕ ಅವರಿಗೆ. ಮಾತು ತಪ್ಪಿದರೆ ಹೈದರಾಬಾದಿನವರು ಇನ್ನು ಕೆಲಸ ಕಳಿಸುವುದಿಲ್ಲವೆಂದರು.

“ಪರದೆ ಮ್ಯಾಲ ಎರಡೂ ಒಂದೇ ಕಾಣ್ತಾವಲ್ರಿ ಮೇಡಂ. ಸಹಿ ಮಾಡಿಬಿಡ್ರಿ.”

“ಕಾಣ್ತಾವ ಸರ್. ಒಂದೇ ಅಲ್ಲ.”

“ನೀವ್ ಮಾಡ್ಲಿಲ್ಲಂದ್ರ ಇನ್ನೊಬ್ಬರು ಮಾಡ್ತಾರ. ನಾಳಿಂದ ಅವರೇ ಬರ್ತಾರ ಮತ್ತ, ನೋಡ್ರಿ.”

“ಬರ್ಲಿರಿ. ಅವರ ಹೆಸರು ಅವರ ಬರಕೊಳ್ಳಲಿ. ನಂದು ಬ್ಯಾಡ.”

ದನಿ ಏರಿಸಲಿಲ್ಲ. ಒಳಗೆ ಹೋಗಿ ಆಫೀಸಿನ ಕೀಲಿ ತಂದು ಅವರ ಕಪ್ಪಿನ ಪಕ್ಕದಲ್ಲಿಟ್ಟಳು. ಅವರು ಆರಿದ ಚಹಾ ಕುಡಿದು ಮುಗಿಸಿದರು. ಕಡೆಗೆ ಕೀಲಿ ಎತ್ತಿಕೊಂಡು ಹೋದರು. ಮರುದಿನ ಯಾರೋ ಸಹಿ ಹಾಕಿದರಂತೆ, ನಕ್ಷೆ ಹೋಯಿತಂತೆ. ಆ ಚಿಪ್ ನಡೆಯಿತೋ, ಕೆಟ್ಟಿತೋ, ಈ ತನಕ ನಮಗೆ ಗೊತ್ತಿಲ್ಲ. ಅನ್ವರಿ ಕೇಳಲೂ ಹೋಗಲಿಲ್ಲ. ನಡೆದಿದ್ದರೆ ಏನು ಮಾಡ್ತಿ ಎಂದು ನಾನೊಮ್ಮೆ ಕೆಣಕಿದೆ. “ನಡೀಲಿ ಕಾಕು. ನಡದ್ರೂ ಅದೇ ಅಲ್ಲ” ಎಂದಳು.

ಬಸವಕಲ್ಯಾಣಕ್ಕೆ ಮರಳಿ, ತಂದೆಯ ಅಂಗಡಿಯ ಅರ್ಧದಲ್ಲಿ ರೇಡಿಯೋ, ಟೀವಿ ರಿಪೇರಿಗೆ ಕುಳಿತಳು. ಹೆಂಗಸಿನ ಕೈಗೆ ಟೀವಿ ಕೊಡುವುದುಂಟೇ ಎಂದು ನಗಾಡಿದವರ ಟೀವಿಗಳೂ ಬಂದವು. ಎಲ್ಲವೂ ಸರಿಹೋಗಲಿಲ್ಲ, ಸರಿಹೋಗದ್ದನ್ನು ಸರಿಹೋಗಿದೆ ಎಂದು ಅವಳು ಕೊಡಲೂ ಇಲ್ಲ. ಹೋದ ವರ್ಷ ಹುಮನಾಬಾದಿಗೆ ಬಂದವಳು ಅದೇ ಕೋಟು, ತಪ್ಪಿತು, ಮೊಳಕೈಗೆ ತೇಪೆ ಬಿದ್ದ ಕೋಟು ಹೆಗಲಿಗೆ ಹಾಕಿಕೊಂಡು ಬಂದಿದ್ದಳು. ಬಸ್ಸಿಗೆ ಬಿಡಲು ಹೊರಟಾಗ ತಲೆಬಾಗಿಲಿನ ಬೀಗ ನಾನೇ ಹಾಕಿದ್ದರೂ ಜಗ್ಗಿ ನೋಡಿ ಹೋದಳು.

ಕೂಡಿಸಿ ಓದುವುದನ್ನು ನಾನು ಕಲಿತದ್ದು ತಡವಾಗಿ. ಅದಕ್ಕೂ ಮೊದಲು, ಓದಿದವರು “ಹೇಳಿದ್ದೇ ಬರದೀವಿ, ಒತ್ತು” ಎಂದಾಗ ನಾನೂ, ನನ್ನಂಥವರೂ ಹೆಬ್ಬೆಟ್ಟು ಒತ್ತಿದ್ದೇವೆ. ಲೋಕ ನಡೆಯುವುದು ಒತ್ತುವವರಿಂದಲೇ, ಸುಳ್ಳಲ್ಲ. ಆದರೆ ಊರಿಗೊಬ್ಬರಾದರೂ ಹಾಳೆಯನ್ನು ಕಿಟಕಿಗೆ ಹಿಡಿದು ನೋಡುವವರು ಹುಟ್ಟುತ್ತಾರೆ. ಅವರು ಗೆಲ್ಲುತ್ತಾರೆಂದು ನಾನು ಹೇಳಲಾರೆ. ಅವರ ಬೆರಳಿಗೆ ಮಸಿ ಬಳಿಯುವುದು ಮಾತ್ರ ಯಾರಿಂದಲೂ ಆಗುವುದಿಲ್ಲ.