ಕ್ಷಮಾಪಣೆಯ ಬ್ರೆಡ್ಡು

ಓಣಿ ತುದಿಯ ಪುಟ್ಟ ಕೆಫೆಯಲ್ಲಿ, ಕಾಫಿ ಇಳಿಯಲು ತಡವಾಯಿತೆಂದು, ಮೂಲೆ ಮೇಜಿನ ಗಿರಾಕಿ ತನ್ನ ಲೋಟದ ಮೇಲೆ ಕೂರಿಸಿದ್ದ ಫಿಲ್ಟರಿನ ಕುದಿನೀರನ್ನು ಬಡಿಸುವ ಹುಡುಗಿಯ ಮುಂಗೈ ಮೇಲೆ ಸುರಿದ.

ಹುಡುಗಿ ಅಡುಗೆಮನೆಗೆ ಓಡಿಬಂದಳು. ಅಲ್ಲಿ ಬ್ರೆಡ್ಡು ಸೀಳುತ್ತಿದ್ದವಳು ಅವಳ ಅತ್ತಿಗೆ. ಚಾಕು ಬಿಸಾಕಿ, ನಾದಿನಿಯ ಕೈಯನ್ನು ನಲ್ಲಿಯಡಿ ಹಿಡಿದಳು. ಮಣಿಕಟ್ಟಿನಿಂದ ಬೆರಳಿನ ಬುಡದವರೆಗೂ ಬೊಬ್ಬೆ ಏಳುತ್ತಿತ್ತು.

"ಏನಂದೆ ಅವನಿಗೆ?"

"ಏನೂ ಇಲ್ಲ ಅತ್ತಿಗೆ. ವಿಯೆಟ್ನಾಮ್ ಕಾಫಿ ಸಾರ್, ತೊಟ್ಟು ತೊಟ್ಟಾಗೇ ಇಳಿಯೋದು, ಇನ್ನೊಂಚೂರು ತಾಳಿ ಅಂದೆ. ನನಗೇ ಪಾಠ ಹೇಳ್ತೀಯಾ ಅಂದ."

ನಿನ್ನ ಬಾಯಿ ಸುಮ್ನಿರಲ್ಲ ಎಂಬ ಮಾತು ಅತ್ತಿಗೆಯ ನಾಲಿಗೆ ತುದಿಗೆ ಬಂತು. ಮನೆಯಲ್ಲಿ ಇಬ್ಬರೂ ಹಾವು ಮುಂಗುಸಿ. ಆದರೆ ಈ ಕೆಲಸ ಕೊಡಿಸಿದವಳು ಅವಳೇ. ಗಿರಾಕಿ ಏನಂದರೂ ತಲೆ ತಗ್ಗಿಸೆಂದು ದಿನಾ ಉಪದೇಶ ಕೊಟ್ಟವಳೂ ಅವಳೇ. ಬಂದ ಮಾತನ್ನು ನುಂಗಿ ನಲ್ಲಿಯನ್ನು ಇನ್ನಷ್ಟು ತಿರುಗಿಸಿದಳು.

ಯಜಮಾನ ಒಳಬಂದ. ಕೈಯತ್ತ ಕಣ್ಣೂ ಹಾಯಿಸಲಿಲ್ಲ. "ಅವರು ಈ ಕಟ್ಟಡದ ಮಾಲೀಕರು ಕಣಮ್ಮ. ಮನಸ್ಸು ಮಾಡಿದ್ರೆ ನಾಳೆ ನಾವೆಲ್ಲ ಬೀದೀಲಿ. ಒಂದು ಬ್ರೆಡ್ಡು ಮಾಡು, ಚೆನ್ನಾಗಿ ತುಂಬು. ಇವಳೇ ತಗೊಂಡು ಹೋಗಿ ತಪ್ಪಾಯ್ತು ಅನ್ಲಿ."

"ಸುಟ್ಟಿದ್ದು ಇವಳ ಕೈ, ಯಜಮಾನ್ರೇ."

"ಕೈ ಮಾಯುತ್ತೆ. ಹೋದ ಅಂಗಡಿ ಬರುತ್ತಾ? ಇಬ್ರಿಗೂ ಕೆಲಸ ಬೇಕೋ ಬೇಡ್ವೋ?"

ಬೇಕಿತ್ತು. ಇವರಿಬ್ಬರ ದುಡಿಮೆಯಲ್ಲೇ ಮನೆಯ ಒಲೆ ಉರಿಯುತ್ತಿದ್ದುದು. ಅತ್ತಿಗೆ ಹಲ್ಲು ಕಚ್ಚಿ ಉದ್ದನೆಯ ಬ್ರೆಡ್ಡನ್ನು ಸೀಳಿದಳು. ವಿನೆಗರಿನಲ್ಲಿ ನೆನೆದ ಕ್ಯಾರೆಟ್ಟು, ಮೂಲಂಗಿ, ಸೌತೆ, ಹುರಿದ ಮಾಂಸ, ಕೊತ್ತಂಬರಿ, ಹಸಿಮೆಣಸಿನಕಾಯಿ. ಕೈ ತನ್ನ ಪಾಡಿಗೆ ತುಂಬುತ್ತಿತ್ತು.

ಹೊರಗಿನಿಂದ ಅವನ ದನಿ ಬಂತು: "ಏನ್ರೀ, ಆ ಹುಡುಗೀನೇ ತರ್ಬೇಕು! ಇನ್ನೊಂದು ಕಾಫಿನೂ ತರ್ಲಿ. ಪೂರ್ತಿ ಇಳಿಯೋ ತನಕ ನನ್ನ ಪಕ್ಕದಲ್ಲೇ ನಿಂತಿರ್ಲಿ. ನನಗೇನು ಅವಸರ ಇಲ್ಲ."

ಯಜಮಾನ ಹುಡುಗಿಯತ್ತ ತಿರುಗಿ ಹಲ್ಲು ಕಿರಿದ. "ನಿಂತ್ರೆ ನಿಮ್ಮಪ್ಪನ ಗಂಟೇನು ಹೋಗುತ್ತೆ?"

"ಅವಸರ ಇಲ್ವಂತಾ?" ಅತ್ತಿಗೆ ತಲೆಯೆತ್ತಿದಳು. "ಕೈ ಸುಡೋವಾಗ ಇದ್ದ ಅವಸರ ಈಗ ಎಲ್ಲಿ ಸತ್ತೋಯ್ತು?"

ನಾದಿನಿ ಆಗಲೇ ಟ್ರೇಗೆ ಕೈಚಾಚಿದ್ದಳು. ಬೆರಳು ಮಡಚಲಾಗದೆ ಮುಖ ಹಿಂಡಿದಳು. ಅತ್ತಿಗೆ ಟ್ರೇ ಕಿತ್ತುಕೊಂಡಳು, ಬ್ರೆಡ್ಡನ್ನು ನಡುವೆ ಮುರಿದು ಅರ್ಧವನ್ನು ಅವಳ ಸುಟ್ಟಿರದ ಕೈಗಿಟ್ಟಳು.

"ತಿನ್ನೇ."

"ಅತ್ತಿಗೆ..."

"ಊರಿಗೆಲ್ಲ ತಿನ್ನಿಸಿದ್ದಾಯ್ತು. ರುಚಿ ಹೆಂಗಿದೆ ಅಂತ ನಾವೂ ನೋಡೋಣ."

ತನ್ನ ಪಾಲನ್ನು ಕಚ್ಚಿದಳು. ಕರುಂ ಎಂದಿತು. ಹುಳಿ, ಖಾರ ಒಟ್ಟೊಟ್ಟಿಗೆ ನೆತ್ತಿಗೇರಿ ಕಣ್ಣಲ್ಲಿ ನೀರು ಬಂತು. ನಾದಿನಿಯೂ ಹೆದರುತ್ತ ಒಂದು ತುತ್ತು ಕಚ್ಚಿದಳು.

"ತಲೆ ಕೆಟ್ಟಿದ್ಯೇನೇ ನಿಂಗೆ?" ಯಜಮಾನ ಕಿರುಚಿದ. "ಇನ್ನೊಂದು ಮಾಡು. ಬೇಗ!"

"ಮಾಡಲ್ಲ," ಎಂದಳು ಅತ್ತಿಗೆ, ಬಾಯಿತುಂಬ ತುತ್ತಿಟ್ಟುಕೊಂಡೇ. "ಇವಳು ಹೊರಗೆ ಬರೋದೂ ಇಲ್ಲ."