ಬಾಗಿಲ ಹೊರಗಿನ ಚಪ್ಪಲಿ

"ರಂಡೆ, ಸೂಜಿ ಚುಚ್ಚಿದ್ದು ನೀನೋ ನಾನೋ?"

ಕಾರವಾರದಿಂದ ಧಾವಿಸಿ ಬಂದು ಹಿಂಬಾಗಿಲಲ್ಲಿ ಒಳಹೊಕ್ಕ ಡಾಕ್ಟರ್ ದೇವಾನಂದರ ಮೊದಲ ಮಾತು ಇದು. ಚುಚ್ಚಿದವಳು ದವಾಖಾನೆಯ ಹೀರಾಳೇ. ಬೆಳಿಗ್ಗೆ ಜ್ವರವೆಂದು ನಡೆದುಕೊಂಡೇ ಬಂದಿದ್ದ ಜಟ್ಟ, ಮಂಚದ ಮೇಲೆ ಮುಖದ ತುಂಬ ಚಾದರ ಹೊದ್ದು ಮಲಗಿದ್ದ.

ಅಂಕೋಲೆಯ ಆ ದವಾಖಾನೆಯಲ್ಲಿ ಒಂದು ಪದ್ಧತಿಯಿತ್ತು. ಡಾಕ್ಟರು ಕಾರವಾರದ ತಮ್ಮ ಇನ್ನೊಂದು ದವಾಖಾನೆಗೆ ಹೋದ ದಿನ, ಅವರ ಹಳೆಯ ಚಪ್ಪಲಿಯನ್ನು ಹೀರಾ ತಪಾಸಣೆಯ ಕೋಣೆಯ ಬಾಗಿಲ ಹೊರಗೆ ಜೋಡಿಸಿಡಬೇಕು. ಚಪ್ಪಲಿ ಕಂಡರೆ ಒಡೆದೀರು, ಎಂದರೆ ಒಡೆಯರು, ಒಳಗಿದ್ದಾರೆಂದು ಜನ ತೆಪ್ಪಗೆ ಕೂರುತ್ತಿದ್ದರು. ಔಷಧಿ, ಸೂಜಿ ಎಲ್ಲ ಹೀರಾಳದೇ. ಮೀನುಗಾರರ ಕೇರಿಯಿಂದ ಕಸ ಗುಡಿಸಲು ಬಂದವಳಿಗೆ ಡಾಕ್ಟರೇ ಬಿಳಿ ಸೀರೆ ಕೊಡಿಸಿ ನರ್ಸು ಎಂದಿದ್ದರು. ಕಾಲು ಮಾತ್ರ ಬರಿಗಾಲು. ಅವಳ ಜಾತಿಯವರು ತಮ್ಮೆದುರು ಮೆಟ್ಟು ಹಾಕಿ ನಡೆಯುವುದು ಅವರಿಗೆ ಸರಿಬರುತ್ತಿರಲಿಲ್ಲ.

ಇವತ್ತೂ ಫೋನು ಮಾಡಿ ಕೇಳಿದ್ದಳು. ಔಷಧಿ ಮೈಗೆ ಒಗ್ಗುತ್ತದೋ ಎಂದು ಮೊದಲು ಚೂರೇ ಹಾಕಿ ನೋಡಲೇ ಎಂದದ್ದಕ್ಕೆ, ನೀನೇನು ಡಾಕ್ಟರಾ, ಪೂರ್ತಿ ಹಾಕು ಎಂದು ಬೈದಿದ್ದರು. ಹಾಕಿದಳು. ಜಟ್ಟ ಅವಳ ಕೈ ಹಿಡಿದುಕೊಂಡೇ ಒದ್ದಾಡಿ ಸತ್ತ.

ಡಾಕ್ಟರು ದನಿ ತಗ್ಗಿಸಿ ವಿವರಿಸಿದರು. ತಾವು ಊರಲ್ಲೇ ಇರಲಿಲ್ಲ, ಅವಳು ತಮ್ಮನ್ನು ಕೇಳದೇ ಸೂಜಿ ಹಾಕಿದಳು, ಪೊಲೀಸರಿಗೆ ಹಾಗೇ ಹೇಳಬೇಕು. ಹೆಂಗಸನ್ನು ಜೈಲಲ್ಲಿ ಬಹಳ ದಿನ ಇಡುವುದಿಲ್ಲ. ಬಿಟ್ಟ ಮೇಲೆ ಕೆಲಸ ಇದ್ದೇ ಇದೆ.

"ಮೊದ್ಲು ಆ ಚಪ್ಪಲಿ ಒಳ್ಗೆ ತಕಂಡು ಬಾ."

ಹೀರಾ ಬಾಗಿಲು ತೆರೆದಳು. ಹೊರಗೆ ಜಟ್ಟನ ಹೆಂಡತಿ ಹೊನ್ನಮ್ಮ ಚಪ್ಪಲಿಯ ಪಕ್ಕದಲ್ಲೇ ಕುಳಿತಿದ್ದಳು. "ಒಡೆದೀರು ಒಳ್ಗೇ ಇದ್ರಲೆ ತಂಗಿ, ನಂಗೆ ಹೆದ್ರಿಕಿಲ್ಲ," ಎಂದಳು.

"ಇರ್ಲಿಲ್ಲ ಅಕ್ಕಾ. ಚಪ್ಪಲಿ ಮಾತ್ರ ಇತ್ತು. ಅವ್ರು ಫೋನಲ್ಲಿ ಹೇಳ್ದ್ರು, ನಾ ಚುಚ್ಚ್ದೆ. ಜಟ್ಟಣ್ಣ ಹೋದ."

ಹೊನ್ನಮ್ಮ ಅಳಲೂ ಮರೆತು ಚಪ್ಪಲಿಯನ್ನೇ ನೋಡಿದಳು. ಒಳಗಿನಿಂದ ಡಾಕ್ಟರು ಮತ್ತೆ ಕೂಗಿದರು. ಹೀರಾ ಚಪ್ಪಲಿಯನ್ನು ಕಾಲಿಗೆ ಹಾಕಿಕೊಂಡು, ಹೊನ್ನಮ್ಮನ ರಟ್ಟೆ ಹಿಡಿದು ಎಬ್ಬಿಸಿ, ಪೇಟೆಯ ನಡುವೆ ಪಟಪಟ ಸದ್ದು ಮಾಡುತ್ತ ಠಾಣೆಗೆ ನಡೆದಳು.

ಸೂಜಿ ಹಾಕಿದವರು ಯಾರೆಂದು ಹವಾಲ್ದಾರ ಕೇಳಿದ. ನಾನೇ ಎಂದಳು.

"ಡಾಕ್ಟ್ರು ಎಲ್ಲಿದ್ರು?"

ಹೀರಾ ಬಗ್ಗಿ ಎರಡೂ ಚಪ್ಪಲಿ ತೆಗೆದು, ದಿನವೂ ಜೋಡಿಸುವ ಹಾಗೆಯೇ, ಅವನ ಮೇಜಿನ ಮೇಲೆ ಜೋಡಿಸಿಟ್ಟಳು.

"ಇಲ್ಲಿದ್ರು."